ಮಡಚುವ ಲ್ಯಾಪ್‌ಟಾಪೂ ನನ್ನ ಎಂಟು ದಿನಗಳೂ

ಸೀರೆ ಆರಿಸುವ ಹೆಂಗಸರನ್ನು ಕಂಡು ನಗುವವರು ಬಹಳ. ಮಡಿಕೆ ಬಿಚ್ಚಿ, ಸೆರಗನ್ನು ಬೆಳಕಿಗೆ ಹಿಡಿದು, ಅಂಚು ಎಳೆದು ನೋಡದೆ ನಾವು ಹಣ ಬಿಚ್ಚುವವರಲ್ಲ. ಲ್ಯಾಪ್‌ಟಾಪು ಕೊಳ್ಳುವುದಕ್ಕೂ ಅದೇ ಬುದ್ಧಿ ಸಾಕು ಎಂಬುದು ನನ್ನ ಅನುಭವ.

ಮನೆಯಲ್ಲಿದ್ದದ್ದು ಮಗನೊಂದಿಗೆ ಬೆಂಗಳೂರು ಸೇರಿದ ಮೇಲೆ, ಒಂದು ಪ್ರಶ್ನೆಪತ್ರಿಕೆಗೂ ನಾನು ಡಿಟಿಪಿ ಅಂಗಡಿಯ ಬೆಂಚು ಕಾಯುವವಳಾದೆ. ನನ್ನದೇ ಒಂದು ಇರಲಿ ಎಂದರೆ ಇವರು, "ನಿಂಗೆ ಇದ್ ಎಂತಕೆ? ಫೋನ್ ಇತ್ತಲ್ದಾ?" ಎಂದರು. ಅಕ್ಕನ ಮಗಳು ಮಾತ್ರ, "ಚಿಕ್ಕಿ, ಮೊದ್ಲ್ ಬಳ್ಸಿ ಕಾಣಿ" ಎಂದು ತನ್ನ ಅಗ್ಗದ ಲ್ಯಾಪ್‌ಟಾಪನ್ನು ಎಂಟು ದಿನಕ್ಕೆ ಬಿಟ್ಟುಹೋದಳು. ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಬಹುದಾದ ಬಗೆ ಅದು. 2012ರಲ್ಲಿ ಲೆನೊವೊದವರ 'ಯೋಗ' ಬಂದಂದಿನಿಂದ ಜನಪ್ರಿಯವಾದದ್ದು.

ಡೇರೆಯಂತೆ ನಿಲ್ಲಿಸಿ, ನೀರ್‌ದೋಸೆ ಹೊಯ್ಯುತ್ತ ಯಕ್ಷಗಾನ ನೋಡಿದೆ. ಬಲು ಹಿತ! ಸ್ಲೇಟಿನಂತೆ ಕೈಯಲ್ಲಿ ಹಿಡಿದು ಓದಹೊರಟರೆ ಹತ್ತು ನಿಮಿಷಕ್ಕೇ ಮಣಿಕಟ್ಟು ಸೋತಿತು. ಜಗಲಿಯ ಬೆಳಕಿಗೆ ಪರದೆಯೇ ಕನ್ನಡಿಯಾಗಿ, ಅಕ್ಷರದ ಬದಲು ನನ್ನ ಮುಖವೇ ಕಂಡಿತು.

ನಿಜವಾದ ಪರೀಕ್ಷೆ ಕೀಲಿಮಣೆಯದು. ನುಡಿಯಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸದಂತೆ 'ಉಪ್ಪುಂದ' ಎಂದು ಬರೆಯಲು ಏಳು ಕೀಲಿ. ಸೊನ್ನೆಗೆ, ದೀರ್ಘಕ್ಕೆ, ಮಹಾಪ್ರಾಣಕ್ಕೆ ಶಿಫ್ಟ್ ಬೇಕು. ಈ ಪುಟ್ಟ ಯಂತ್ರದಲ್ಲಿ ಬಲಗಡೆಯ ಶಿಫ್ಟ್ ಕಡಲೆಬೀಜದಷ್ಟು! ಕನ್ನಡ ಬರೆಯುವವರು ಅಂಗಡಿಯಲ್ಲೇ ನಾಲ್ಕು ಸಾಲು ಬರೆದು ನೋಡಬೇಕು.

ಇನ್ನು ಒಳಗಿನ ಸಂಗತಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು. ಇದರಲ್ಲಿ ಇದ್ದದ್ದೂ ಅಷ್ಟೇ. ಮೈಗಂಟಿದ ರವಿಕೆಯಂತೆ, ತೊಡಬಹುದು, ಕೈಯೆತ್ತಿದರೆ ಹರಿಯುತ್ತದೆ. ಅಂಕಪಟ್ಟಿಯ ಜೊತೆ ಒಂದು ವಿಡಿಯೊ ತೆರೆದರೆ ಏದುಸಿರು. ರ್‍ಯಾಮ್ ಬೆಸುಗೆ ಹಾಕಿದ್ದಾದ್ದರಿಂದ ಮುಂದೆ ಹೆಚ್ಚಿಸುವಂತೆಯೂ ಇಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು: ಮಡಚುವುದು ವಾರಕ್ಕೆರಡು ಸಲ, ಕೀಲಿ ಒತ್ತುವುದು ದಿನವೂ. ಹಣ ಕಡಿಮೆ ಬಿದ್ದರೆ ಮಡಚುವುದನ್ನು ಬಿಡಿ. 8 ಜಿಬಿ ರ್‍ಯಾಮನ್ನೂ ಎಸ್‌ಎಸ್‌ಡಿಯನ್ನೂ ಬಿಡಬೇಡಿ. ಕೆಟ್ಟರೆ ಯಾವ ಊರಿಗೆ ಹೊತ್ತೊಯ್ಯಬೇಕೆಂದೂ ಮೊದಲೇ ಕೇಳಿಕೊಳ್ಳಿ.

ಎಂತಕೆ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ಎಲ್ಲರೂ ಮಲಗಿದ ಮೇಲೆ, ಪ್ರಶ್ನೆಪತ್ರಿಕೆಯೂ ಅಲ್ಲದ, ಲೆಕ್ಕವೂ ಅಲ್ಲದ ಎರಡು ಪುಟ ಬರೆದೆ. ಬರೆಯುವುದು ಇಷ್ಟು ಬಾಕಿಯಿತ್ತೆಂದು ನನಗೇ ತಿಳಿದಿರಲಿಲ್ಲ. ಮುಂದಿನ ಸಂಬಳ ಬಂದೊಡನೆ ಒಂದು ಕೊಳ್ಳುತ್ತೇನೆ. ಬಿಲ್ಲು ನನ್ನ ಹೆಸರಿನಲ್ಲೇ.