ಮೆಕ್ಸಿಕೋದ ನೆಂಟರು

ಹೂವಿನ ಗಿಡಕ್ಕೆ ಬಿಳಿಹಿಟ್ಟು ಹತ್ತಿತೆಂದರೆ ನಮ್ಮ ಬೀದಿಯಲ್ಲಿ ಮೊದಲು ಹೊರಬೀಳುವುದು ಸಲಹೆಗಳು. ಬೇವಿನೆಣ್ಣೆ, ಸೋಪಿನ ನೀರು, ಒಲೆಬೂದಿ (ಒಲೆ ಯಾರ ಮನೆಯಲ್ಲಿದೆಯೋ!), ಕೊನೆಗೆ ಪಕ್ಕದ ಮನೆ ರಾಯರ ಔಷಧಿ ಪಂಪು. ರಾಯರದು ದೇವಕಣಗಿಲೆ ಮರ. ಗುಡಿಯಂಗಳದ ಮರ ತಾನೆ, ಪುರಾಣಕಾಲದಿಂದಲೂ ಇಲ್ಲೇ ಇದೆಯೆಂದು ಅವರ ನಂಬಿಕೆ. ಅದರ ತವರು ಮೆಕ್ಸಿಕೋ ಸೀಮೆ ಎಂದು ನಾನಂದ ದಿನ ಕಾಫಿ ಬರಲಿಲ್ಲ. ಪರಂಗಿಯೂ ಆ ಕಡೆಯದೇ. ಅದಕ್ಕೆ ರಾಯರ ತಕರಾರಿಲ್ಲ. ಪರಂಗಿಯನ್ನು ಯಾರೂ ದೇವರ ಮುಡಿಗೇರಿಸುವುದಿಲ್ಲವಲ್ಲ.

ಇಷ್ಟೆಲ್ಲ ಬಂದಮೇಲೆ ಪರಂಗಿಯ ಹಿಟ್ಟುತಿಗಣೆ ಬರದೆ ಇದ್ದೀತೆ? ಶಲ್ಕಕೀಟಗಳ ಬಳಗದ್ದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪರಂಗಿ, ಹಿಪ್ಪುನೇರಳೆ, ದಾಸವಾಳ, ದೇವಕಣಗಿಲೆ ಎಂದು ಪಂಕ್ತಿಭೇದವಿಲ್ಲದೆ ಉಂಡಿತು. ಬಂದದ್ದು ಒಂಟಿಯಾಗಿ, ವೈರಿಯನ್ನು ಊರಲ್ಲೇ ಬಿಟ್ಟು. 2010ರಲ್ಲಿ ಬೆಂಗಳೂರಿನ ಕೀಟವಿಜ್ಞಾನಿಗಳು ಆ ವೈರಿಯನ್ನೂ ಪೋರ್ಟೊರಿಕೋದಿಂದ ಕರೆಸಿದರು: ಅಸೆರೋಫೇಗಸ್ ಪಪಾಯೆ ಎಂಬ ಕಣಜ. ಮುಖ ಊದಿಸುವ ಜಾತಿಯಲ್ಲ, ಹೆದರಬೇಡಿ. ಒಂದು ಮಿಲಿಮೀಟರಿಗೂ ಕಡಿಮೆ. ಎಳೆಯ ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿಂದಲೇ ತಿಂದು ಬೆಳೆದು, ಒಣಗಿದ ಚಿಪ್ಪಿಗೊಂದು ದುಂಡನೆ ತೂತು ಕೊರೆದು ಹಾರಿಹೋಗುತ್ತದೆ. ಬಾಡಿಗೆದಾರ ಮನೆಯೆಲ್ಲ ತಿಂದು, ಬಾಗಿಲೂ ಹಾಕದೆ ಹೋದ ಹಾಗೆ. ತಿಗಣೆಯ ಹಾವಳಿ ಇಳಿದದ್ದು ಬಹುಪಾಲು ಇದರಿಂದಲೇ.

ಕಾಫಿ ಎಂದೆನಲ್ಲ, ಅದಕ್ಕೂ ಒಂದು ಕತೆಯಿದೆ. ಕಾಫಿಯ ಹಸಿರು ಶಲ್ಕಕೀಟವನ್ನು ತಿನ್ನಲಿ ಎಂದು 1898ರಲ್ಲೇ ಆಸ್ಟ್ರೇಲಿಯಾದ ಗುಲಗಂಜಿ ಹುಳುವೊಂದನ್ನು ತಂದಿದ್ದರು. ಅದಕ್ಕೋ, ಬಡಿಸಿದ್ದಕ್ಕಿಂತ ಹಿಟ್ಟುತಿಗಣೆಯೇ ರುಚಿಸಿತು. ನೆಂಟರನ್ನು ಕರೆಸಬಹುದು, ನಾಲಿಗೆಯನ್ನು ತಿದ್ದಲಾದೀತೆ?

ಎಲ್ಲಿದ್ದೆ? ಹ್ಞಾಂ, ಪಂಪು. ರಾಯರು ಔಷಧಿ ಹೊಡೆದಾಗ ಮೊದಲು ಸಾಯುವುದು ಕಣಜ. ಮೇಣ ಹೊದ್ದ ತಿಗಣೆ ಸ್ವಲ್ಪ ದಿನ ಬಿಟ್ಟು ಮತ್ತೆ ಹಾಜರು. ಪಂಪು ಕೆಳಗಿಡಿ ಅಂದೆ. ಜೊತೆಗೆ ಇರುವೆಗಳನ್ನೂ ನೋಡಿಕೊಳ್ಳಿ. ತಿಗಣೆ ಸುರಿಸುವ ಸಿಹಿಯಂಟಿನ ಆಸೆಗೆ ಅವು ಕಾವಲು ನಿಂತು ಕಣಜವನ್ನು ಅಟ್ಟುತ್ತವೆ.

“ಇರುವೆ ತಡೆಯೋಕೆ ಯಾವ ದೇಶದಿಂದ ಯಾರನ್ನ ಕರೆಸ್ಬೇಕು ಸ್ವಾಮಿ?”

ಯಾರನ್ನೂ ಬೇಡ, ಕಾಂಡಕ್ಕೊಂದು ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ ಅಂದೆ. ಹಚ್ಚಿದರು, ಧಾರಾಳವಾಗಿ. ಇರುವೆ ನಿಂತಿವೆ. ಬೆಳಗಿನ ಐದಕ್ಕೆ ವಾಕಿಂಗ್ ನೆಪದಲ್ಲಿ ಹೂ ಕೀಳುವವರ ಪೈಕಿ ಯಾರ ಜುಬ್ಬಕ್ಕೆ ಗ್ರೀಸ್ ಮೆತ್ತಿದೆ ಎಂದು ರಾಯರು ಈಗ ಬೀದಿಯುದ್ದಕ್ಕೂ ತೋಳು ನೋಡುತ್ತ ತಿರುಗುತ್ತಿದ್ದಾರೆ.