ಬರುವಾಗ ಮಾತ್ರ ನಡುಕ

ಸೋಲಾಪುರದಿಂದ ವಿಜಯಪುರದ ಕಡೆಗೆ ಹೊರಟ ರಾಷ್ಟ್ರೀಯ ಹೆದ್ದಾರಿ 52, ಹತ್ತೂರನ್ನು ದಾಟಿ, ವಡಕಬಾಳದ ಬಳಿ ಸೀನಾ ನದಿಯನ್ನು ಹಾಯ್ದು, ತೇರಾ ಮೈಲ್ ಎಂಬ ಕೂಡುರಸ್ತೆಯನ್ನು ಮುಟ್ಟುತ್ತದೆ. ಮರಾಠಿಯಲ್ಲಿ ತೇರಾ ಎಂದರೆ ಹದಿಮೂರು. ಮೈಲುಗಳ ಕಾಲ ಮುಗಿದು ಎಷ್ಟೋ ವರ್ಷಗಳಾದರೂ ಆ ಹಳೆಯ ಅಳತೆ ಹೆಸರಿನಲ್ಲಿ ಉಳಿದುಕೊಂಡಿದೆ. ಮುಂದೆ ಟಾಕಳಿ, ಅದರಾಚೆ ಭೀಮಾ ನದಿಯ ಸೇತುವೆ, ಸೇತುವೆಯ ಆ ತುದಿಗೆ ಕರ್ನಾಟಕದ ಧೂಳಖೇಡ. ನಕ್ಷೆಯಲ್ಲಿ ಗಡಿ ನದಿಯ ಮೇಲಿದೆ, ಮಾತಿನಲ್ಲಿ ಅಲ್ಲಿಲ್ಲ. ದಕ್ಷಿಣ ಸೋಲಾಪುರ ತಾಲ್ಲೂಕಿನ ಎಷ್ಟೋ ಊರುಗಳಲ್ಲಿ ಅಂಗಡಿಯ ಫಲಕ ಮರಾಠಿಯದು, ಕಟ್ಟೆಯ ಮಾತು ಕನ್ನಡದ್ದು.

ಈ ರಸ್ತೆಯ ಚತುಷ್ಪಥ ಕಾಮಗಾರಿ ನಡೆಯುತ್ತಿದ್ದಾಗ, 2021ರ ಫೆಬ್ರವರಿಯಲ್ಲಿ, 25.54 ಕಿಲೋಮೀಟರ್ ಉದ್ದದ ಒಂದು ಪಥಕ್ಕೆ ಕೇವಲ 18 ಗಂಟೆಗಳಲ್ಲಿ ಡಾಂಬರು ಹಾಸಿದ್ದು ದೊಡ್ಡ ಸುದ್ದಿಯಾಗಿತ್ತು. ಅದಕ್ಕೂ ಮೊದಲಿನ ಇಕ್ಕಟ್ಟಾದ ರಸ್ತೆಯಲ್ಲಿ ಸರಕಿನ ಗಾಡಿಗಳಿಗೆ 50ರ ವೇಗ ಸಿಕ್ಕರೆ ಅದೇ ಹೆಚ್ಚು. ಹೊಸ ರಸ್ತೆ 80ರ ವೇಗವನ್ನು ಕೊಟ್ಟಿತು. ಅದರೊಡನೆ, ಹಳೆಯ ತಗ್ಗುದಿಣ್ಣೆಗಳ ಅಲುಗಾಟದಲ್ಲಿ ಮುಚ್ಚಿಹೋಗಿದ್ದ ಗಾಡಿಗಳ ರೋಗಗಳನ್ನೂ ಒಂದೊಂದಾಗಿ ಹೊರಗೆ ಹಾಕಿತು. ಹೆದ್ದಾರಿಯ ಅಂಚಿನ ಗ್ಯಾರೇಜುಗಳಿಗೆ ಈಗ ಬರುವ ದೂರುಗಳಲ್ಲಿ 'ಗಾಡಿ ನಡುಗುತ್ತದೆ' ಎಂಬುದು ಹೊಸದೇನಲ್ಲ. ಆದರೆ ಆ ದೂರಿನಷ್ಟು ದಾರಿ ತಪ್ಪಿಸುವ ದೂರು ಇನ್ನೊಂದಿಲ್ಲ.

ಭೀಮೆಯ ದಂಡೆಯ ಉಳ್ಳಾಗಡ್ಡಿಯನ್ನು ಸೋಲಾಪುರದ ಮಾರುಕಟ್ಟೆಗೆ ಒಯ್ಯುವ ಒಂದು ಪಿಕಪ್ ಗಾಡಿ ಇಂಥದೇ ದೂರನ್ನು ಹೊತ್ತು ಬಂದಿತು. ಅದರ ಒಡೆಯನೇ ಚಾಲಕ. ಗಾಡಿಯ ಸಾಲದ ಕಂತು ಇನ್ನೂ ತೀರಿಲ್ಲ. ಸೋಲಾಪುರಕ್ಕೆ ಹೋಗುವಾಗ ಗಾಡಿ ಸುಮ್ಮನಿರುತ್ತದೆ. ಊರಿಗೆ ಬರುವಾಗ, ವೇಗ 70 ದಾಟಿದೊಡನೆ, ಸೀಟಿನ ಕೆಳಗಿನಿಂದ ನಡುಕ ಏಳುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿಯ ಆಕಾರವೇ ಕದಡಿಹೋಗುತ್ತದೆ. ಅವನು ಬೇರೆ ಕಡೆ ಎರಡು ಸಲ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದ್ದ, ಹಿಂದಿನ ಟೈರುಗಳನ್ನು ಹೊಸದಾಗಿ ಹಾಕಿಸಿದ್ದ. ನಡುಕ ಹೋಗಿರಲಿಲ್ಲ. ಕೊನೆಗೆ ಅವನು ರಸ್ತೆಯನ್ನೇ ಅಪರಾಧಿಯನ್ನಾಗಿ ಮಾಡಿದ್ದ.

"ಕಾಕಾ, ಬರೋ ಬಾಜೂ ರಸ್ತಾದಾಗ ದೋಷ ಅದ."

"ರಸ್ತಾ ಎಲ್ಲೂ ಹೋಗೂದಿಲ್ಲ ತಮ್ಮಾ," ಎಂದರು ಮಿಸ್ತ್ರಿ. "ಗಾಡಿ ಕುಣಿತದೋ, ಗುಂಯ್‌ಗುಡತದೋ, ಅದನ್ನ ಹೇಳು."

ಈ ಪ್ರಶ್ನೆ ಹುಡುಗಾಟದ್ದಲ್ಲ. ಅದರ ಹಿಂದೆ ಲೆಕ್ಕವಿದೆ, ಪ್ರೌಢಶಾಲೆಯ ಮಕ್ಕಳು ಮಾಡಬಹುದಾದ ಲೆಕ್ಕ. ಇಂಥ ಪಿಕಪ್ಪಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22.2 ಮೀಟರ್. ಹಾಗಾದರೆ ಚಕ್ರ ಸೆಕೆಂಡಿಗೆ 10 ಸುತ್ತು ಸುತ್ತುತ್ತದೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಅಚ್ಚಿಗೆ ಒಯ್ಯುವ ಉದ್ದನೆಯ ಶಾಫ್ಟ್, ಹಿಂದಿನ ಗಿಯರುಗಳ ಅನುಪಾತ 4 ಎಂದಿಟ್ಟುಕೊಂಡರೆ, ಅದೇ ಸೆಕೆಂಡಿನಲ್ಲಿ 40 ಸುತ್ತು ಸುತ್ತುತ್ತದೆ. ಸೆಕೆಂಡಿಗೆ 10 ಸಲದ ಅಲುಗಾಟ ಮೈಗೆ ಕುಣಿತವಾಗಿ ತಿಳಿಯುತ್ತದೆ. 40 ಅಥವಾ 80 ಸಲದ್ದು ಅಂಗಾಲಿಗೆ ಜುಮ್ಮೆನ್ನುವ ಕಂಪನವಾಗಿ, ಕಿವಿಗೆ ಗುಂಯ್ ಎಂಬ ಸದ್ದಾಗಿ ಮುಟ್ಟುತ್ತದೆ. ಸ್ಟೇರಿಂಗ್ ಅಲುಗಿದರೆ ಮುಂದಿನ ಚಕ್ರಗಳ ಮೇಲೆ ಶಂಕೆ, ಸೀಟು ಅಲುಗಿದರೆ ಹಿಂದಿನದರ ಮೇಲೆ. ಚಾಲಕನ ಸ್ಟೇರಿಂಗ್ ನಿಶ್ಚಲವಾಗಿತ್ತು, ಗಾಡಿ ಗುಂಯ್‌ಗುಡುತ್ತಿತ್ತು. ಟೈರಿಗೆ ಸುರಿದ ಹಣ ಈ ಒಂದು ಪ್ರಶ್ನೆಯಿಂದ ಉಳಿಯುತ್ತಿತ್ತು.

ಮಿಸ್ತ್ರಿ ಅಂದು ಪಾನಾಕ್ಕೆ ಕೈ ಹಾಕಲಿಲ್ಲ. ಒಂದು ವಾರ ಎಲ್ಲವನ್ನೂ ಬರೆದಿಟ್ಟು ತರಲು ಹೇಳಿ ಕಳುಹಿಸಿದರು: ಎಷ್ಟು ಚೀಲ, ಎಷ್ಟು ವೇಗ, ಯಾವ ಗಿಯರ್, ಯಾವ ದಿಕ್ಕು. ಸ್ಟೇರಿಂಗ್ ಹಿಡಿದವನು ಬರೆಯುವುದೆಂತು? ಒಂಬತ್ತನೆಯ ತರಗತಿಯ ಮಗಳು ರಜೆಯ ದಿನಗಳಲ್ಲಿ ಜೊತೆಗೆ ಕುಳಿತು ಗಣಿತದ ವಹಿಯ ಕೊನೆಯ ಹಾಳೆಯಲ್ಲಿ ಕಲಂ ಎಳೆದು ಬರೆದಳು. 42 ಚೀಲ, ವೇಗ 60: ನಡುಕ ಇಲ್ಲ. ಖಾಲಿ, 60: ಸ್ವಲ್ಪ. ಖಾಲಿ, 75: ಬಹಳ. ಐದನೆಯ ಗಿಯರ್ ಬಿಟ್ಟು ನಾಲ್ಕಕ್ಕೆ ಹಾಕಿ ಅದೇ 75: ಅಷ್ಟೇ. 30 ಚೀಲ, 75: ತೀರ ಕಡಿಮೆ. ಕೊನೆಯ ಸಾಲಿಗಾಗಿ ತಂದೆ ಒಂದು ದಿನ ಸರಕಿಲ್ಲದೆ ಸೋಲಾಪುರದ ಕಡೆಗೆ ಓಡಿಸಬೇಕಾಯಿತು. ಡೀಸೆಲ್ ಸುಮ್ಮನೆ ಸುಟ್ಟಂತೆ ಅವನಿಗೆ ತೋರಿರಬೇಕು. ಖಾಲಿ, 75, ಉತ್ತರಕ್ಕೆ: ಬಹಳ.

ರಸ್ತೆ ನಿರ್ದೋಷಿಯೆಂದು ಆ ಕೊನೆಯ ಸಾಲು ತೀರ್ಪು ಕೊಟ್ಟಿತು. ಗಿಯರ್ ಬದಲಿಸಿದಾಗ ಎಂಜಿನ್ನಿನ ವೇಗ ಬದಲಾದರೂ ನಡುಕ ಬದಲಾಗದ್ದರಿಂದ ಎಂಜಿನ್ನೂ ಹೊರಗುಳಿಯಿತು. 30 ಚೀಲದ ಸಾಲು ಇನ್ನೂ ಬೆಲೆಯುಳ್ಳದ್ದು. ಅದಿಲ್ಲದಿದ್ದರೆ, ಹೇರು ಇದ್ದಾಗ ನಡುಗದಿರುವುದು ಮೆಲ್ಲಗೆ ಓಡಿಸಿದ್ದರಿಂದಲೋ ಹೇರಿನಿಂದಲೋ ಎಂದು ಬಿಡಿಸಲು ಬರುತ್ತಿರಲಿಲ್ಲ. ಖಾಲಿ ಇದ್ದಾಗ ಎದ್ದು, ಭಾರ ಬಿದ್ದಾಗ ಅಡಗುವ ರೋಗವಿದು. ಭಾರದಿಂದ ಬದಲಾಗುವುದು ಹಿಂಭಾಗದ ಎತ್ತರ. ಎತ್ತರದಿಂದ ಬದಲಾಗುವುದು ಶಾಫ್ಟಿನ ಓರೆ.

ಶಾಫ್ಟಿನ ಕೀಲುಗಳಲ್ಲಿರುವ ಕ್ರಾಸ್ ಜಾಯಿಂಟಿಗೆ 17ನೆಯ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಅವರ ಹೆಸರೂ ಇದೆ. ಸ್ಪ್ರಿಂಗಿನ ನಿಯಮದ ಪಾಠದಲ್ಲಿ ಬರುವ ಹುಕ್ ಅವರೇ. ಓರೆಯಲ್ಲಿ ತಿರುಗುವಾಗ ಈ ಜಾಯಿಂಟಿಗೆ ಒಂದು ಹುಟ್ಟುಗುಣವಿದೆ: ಒಳಬರುವ ವೇಗ ಸಮನಾಗಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿಗೆ ಎರಡು ಸಲ ಹಿಗ್ಗಿ ಎರಡು ಸಲ ಕುಗ್ಗುತ್ತದೆ. ಓರೆ ಎರಡರಷ್ಟಾದರೆ ಈ ಏರಿಳಿತ ಸುಮಾರು ನಾಲ್ಕರಷ್ಟಾಗುತ್ತದೆ. ಆದುದರಿಂದಲೇ ಜಾಯಿಂಟುಗಳನ್ನು ಜೋಡಿಯಾಗಿ ಇಡುತ್ತಾರೆ. ಎರಡರ ಓರೆಯೂ ಸಮನಾಗಿದ್ದು, ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ಗೆರೆಯಲ್ಲಿದ್ದರೆ, ಒಂದು ಮಾಡಿದ ಏರಿಳಿತವನ್ನು ಮತ್ತೊಂದು ಅಳಿಸುತ್ತದೆ. ಶಾಫ್ಟ್ ಬಿಚ್ಚುವ ಮುನ್ನ ಬಲ್ಲ ಮಿಸ್ತ್ರಿಗಳು ಅಡ್ಡಲಾಗಿ ಬಿಳಿಯ ಬಣ್ಣದ ಗೆರೆ ಎಳೆಯುವುದು ಈ ಕಾರಣಕ್ಕೆ. ಗೆರೆ ತಪ್ಪಿಸಿ ಮರಳಿ ಜೋಡಿಸಿದರೆ ಹೊಸ ಕ್ರಾಸ್ ಹಾಕಿದ ಗಾಡಿಯೂ ನಡುಗುತ್ತದೆ.

ಚಕ್ರಗಳಿಗೆ ಅಡೆ ಕೊಟ್ಟು, ಎಂಜಿನ್ ನಿಲ್ಲಿಸಿ, ಗಿಯರ್ ತೆಗೆದು ಮಿಸ್ತ್ರಿ ಗಾಡಿಯ ಕೆಳಗೆ ಸರಿದರು. ಕವಲುಗಳ ಗೆರೆ ಸರಿಯಾಗಿತ್ತು. ಶಾಫ್ಟಿಗೆ ಗುದ್ದು ಬಿದ್ದಿರಲಿಲ್ಲ, ಬ್ಯಾಲೆನ್ಸಿಗೆಂದು ಬೆಸುಗೆ ಹಾಕಿದ ತುಣುಕು ಜಾಗದಲ್ಲಿಯೇ ಇತ್ತು. ಕ್ರಾಸ್‌ಗಳಲ್ಲಿ ಸಡಿಲವಿರಲಿಲ್ಲ. ಎರಡು ತುಂಡಿನ ಶಾಫ್ಟನ್ನು ನಡುವೆ ಹೊತ್ತಿರುವ ಸೆಂಟರ್ ಬೇರಿಂಗಿನ ರಬ್ಬರ್ ಮಾತ್ರ ಅರ್ಧ ಸುತ್ತು ಹರಿದಿತ್ತು. ಅಷ್ಟನ್ನು ಬದಲಿಸಿ ಬಿಲ್ಲು ಬರೆದುಬಿಡಬಹುದಿತ್ತು. ಹಾಗೆ ಮಾಡುವವರೂ ಉಂಟು. ಕೆಲವು ತಿಂಗಳಲ್ಲಿ ಹೊಸ ರಬ್ಬರೂ ಹರಿಯುತ್ತಿತ್ತು. ರಬ್ಬರನ್ನು ಹರಿದದ್ದು ಯಾವುದು ಎಂಬುದೇ ಕೇಳಬೇಕಾದ ಮಾತು.

ಉತ್ತರ ಹಿಂದಿನ ಪಾಟಾಗಳಲ್ಲಿತ್ತು. ಹಳೆಯ ರಸ್ತೆಯ ಕಾಲದಲ್ಲಿಯೇ ಬಾಜೂಕ್ಕೆ ಎರಡರಂತೆ ಹೆಚ್ಚಿನ ಪಾಟಾಗಳನ್ನು ಕೂಡಿಸಲಾಗಿತ್ತು. ಭಾರವಿಲ್ಲದಾಗ ಹಿಂಭಾಗ ಮೇಲೆದ್ದು ನಿಲ್ಲುತ್ತಿತ್ತು. ಕೂಡಿಸುವಾಗ ಅಚ್ಚಿನ ಮೂತಿಯೂ ಕೊಂಚ ತಿರುಗಿತ್ತು. ಮಟ್ಟ ತೋರಿಸುವ ಮೊಬೈಲನ್ನು ಶಾಫ್ಟಿಗೆ ಹಚ್ಚಿ ಅಳೆದರು: ನಡುವಿನ ಜಾಯಿಂಟಿನಲ್ಲಿ 7 ಡಿಗ್ರಿ, ಹಿಂದಿನದರಲ್ಲಿ 4. ಓರೆ ಹೆಚ್ಚಾಗಿತ್ತು, ಸಮವೂ ಆಗಿರಲಿಲ್ಲ. ಒಂದು ಮಾಡಿದ್ದನ್ನು ಇನ್ನೊಂದು ಪೂರ್ತಿ ಅಳಿಸಲಾರದು. ಉಳಿದದ್ದೆಲ್ಲ ನಡುವಿನ ರಬ್ಬರಿನ ಮೇಲೆ ಬೀಳುತ್ತಿತ್ತು. ಹೀಗೆಯೇ ಬಿಟ್ಟರೆ ಕ್ರಾಸ್ ಸವೆದು ಮುರಿಯುವ ದಿನ ಬರಬಹುದು. ಮುಂದಿನ ತುದಿ ಕಳಚಿದ ಶಾಫ್ಟ್ 80ರ ವೇಗದಲ್ಲಿ ಡಾಂಬರಿಗೆ ನಾಟಿದರೆ ಆಗುವ ಅನಾಹುತವನ್ನು ಮಿಸ್ತ್ರಿ ವರ್ಣಿಸಲಿಲ್ಲ. ಪಕ್ಕದಲ್ಲಿ ಹುಡುಗಿ ನಿಂತಿದ್ದಳು.

"ಪಾಟಾ ತೆಗೀಬೇಕು," ಎಂದಷ್ಟೇ ಹೇಳಿದರು.

ಚಾಲಕ ಕೂಡಲೇ ಒಪ್ಪಲಿಲ್ಲ. ಗಾಡಿಗೆ ಒಪ್ಪಿತವಾದ ಭಾರ 1700 ಕಿಲೋ. 50 ಕಿಲೋದ ಚೀಲವಾದರೆ 34. ಅವನು ಹೇರುತ್ತಿದ್ದದ್ದು 42. ಆ ಎಂಟು ಚೀಲಗಳ ಬಾಡಿಗೆಯಿಂದಲೇ ತಿಂಗಳ ಕಂತಿನ ಕೊರತೆ ತುಂಬುತ್ತಿತ್ತು. ಹೆಚ್ಚಿನ ಪಾಟಾ ಅವನಿಗೆ ಬರಿಯ ಕಬ್ಬಿಣವಾಗಿರಲಿಲ್ಲ.

"ತೆಗದ್ರ ನನ್ನ ಹೊಟ್ಟಿ ಹೆಂಗ ಕಾಕಾ?"

ಮಿಸ್ತ್ರಿ ಮಗಳ ವಹಿಯನ್ನು ತೆರೆದು, ಎರಡು ಸಲದ ಬ್ಯಾಲೆನ್ಸಿಂಗ್, ಟೈರು, ಈಗಿನ ಬೇರಿಂಗು, ಸುಮ್ಮನೆ ಸುಟ್ಟ ಡೀಸೆಲ್ಲು, ಗಾಡಿ ನಿಂತ ದಿನಗಳು ಎಲ್ಲವನ್ನೂ ಅವಳಿಂದಲೇ ಕೂಡಿಸಿದರು. ಮೊತ್ತವನ್ನು ಅವಳು ಗಟ್ಟಿಯಾಗಿ ಓದಲಿಲ್ಲ. ತಂದೆಯ ಕಡೆಗೆ ವಹಿಯನ್ನು ತಿರುಗಿಸಿದಳು. ಅವನು ಬಹಳ ಹೊತ್ತು ನೋಡಿದ.

ಸಂಜೆಯ ಹೊತ್ತಿಗೆ ಪಾಟಾಗಳು ಇಳಿದವು, ಅಚ್ಚು ತನ್ನ ಜಾಗಕ್ಕೆ ಬಂದಿತು, ಹೊಸ ಸೆಂಟರ್ ಬೇರಿಂಗ್ ಕೂತಿತು. ಮೊಬೈಲು ಈ ಸಲ ಎರಡೂ ಕಡೆ 3ರ ಆಸುಪಾಸು ತೋರಿಸಿತು. ಗಾಡಿ ವಡಕಬಾಳದ ಸೇತುವೆಯನ್ನು ದಾಟಿ ತೇರಾ ಮೈಲಿನವರೆಗೆ ಖಾಲಿಯಾಗಿ 75ರಲ್ಲಿ ಓಡಿತು. ಹುಡುಗಿ ಕೊನೆಯ ಸಾಲು ಬರೆದಳು: ಇಲ್ಲ.

ಗ್ಯಾರೇಜಿಗೆ ಮರಳಿದ ಮೇಲೆ ಚಾಲಕ ಹಣ ಎಣಿಸಿ ಕೊಟ್ಟ. ಅನಂತರ ಗೋಡೆಗೆ ಒರಗಿಸಿಟ್ಟಿದ್ದ ನಾಲ್ಕು ಪಾಟಾಗಳನ್ನು ಒಂದೊಂದಾಗಿ ಎತ್ತಿ ಗಾಡಿಯ ಹಿಂಭಾಗಕ್ಕೆ ಹಾಕಿಕೊಂಡ. ಮಾರುವುದಕ್ಕೋ, ಮುಂದಿನ ಸುಗ್ಗಿಗೋ, ಅವನು ಹೇಳಲಿಲ್ಲ. ಮಿಸ್ತ್ರಿಯೂ ಕೇಳಲಿಲ್ಲ.