ಕಾಕಾ, ಚಾ ಮತ್ತು ಆಮೆ

ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಸಾಗುವ ದಾರಿಯು ಹೊಸಬರೊಡನೆ ಕೊಂಚ ವಿನೋದವಾಡುವ ದಾರಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಮಸ್ಕಿಯಲ್ಲಿ ಚಿನ್ನವನ್ನರಸುತ್ತಿದ್ದರು. ದೊರೆತುದು ಅಶೋಕನ ಹೆಸರುಳ್ಳ ಶಾಸನ! ಶಾಸನಗಳ 'ದೇವಾನಾಂಪ್ರಿಯ'ನು ಯಾರೆಂಬ ಸಂದೇಹವು ಅಲ್ಲಿಗೆ ತೀರಿತು. ಚಿನ್ನವಾದರೋ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿದೆ.

ಸಿಂಧನೂರಿನ ಸುತ್ತಣ ಪುನರ್ವಸತಿ ಕ್ಯಾಂಪುಗಳಿಗೆ ಬಂದ ಬಂಗಾಳಿಗರು ಅರಸಿದ್ದು ಚಿನ್ನವನ್ನಲ್ಲ, ನೆಲೆಯನ್ನು. ಪೂರ್ವ ಪಾಕಿಸ್ತಾನದಲ್ಲಿ ಮನೆಮಾರು ಕಳೆದುಕೊಂಡ ಅವರು 1970ರ ಸುಮಾರಿಗೆ ಇತ್ತ ಬಂದರು. ಹೊಳೆಗಳ ನಾಡಿನವರಿಗೆ ಇಲ್ಲಿ ಎದುರಾದುವು ಎರೆಭೂಮಿ, ಬಿರುಬಿಸಿಲು, ಜೋಳದ ರೊಟ್ಟಿ. ಕೈಹಿಡಿದುದು ತುಂಗಭದ್ರೆಯ ಕಾಲುವೆ.

ಅವರ ನುಡಿಯಲ್ಲಿ 'ಆಮಿ' ಎಂದರೆ ನಾನು. ನಮ್ಮ ಹಳ್ಳಿಗರ ಬಾಯಲ್ಲಿ ಆಮೆಯೇ 'ಆಮಿ'! ತನ್ನನ್ನು ಆಮೆಯೆಂದು ಪರಿಚಯಿಸಿಕೊಳ್ಳುವ ಅತಿಥಿಯನ್ನು ಕಂಡರೆ ಯಾರಿಗೆ ನಗೆ ಬಾರದು? ಆದರೆ ಚಿಕ್ಕಪ್ಪನು ಅವರಿಗೂ 'ಕಾಕಾ', ನಮಗೂ 'ಕಾಕಾ'. ಚಹವು ಇಬ್ಬರಿಗೂ 'ಚಾ'. ಈ ಎರಡು ಮಾತು ಬಲ್ಲವನಿಗೆ ಯಾವ ಊರಿನ ಕಟ್ಟೆಯೂ ಪರಕೀಯವಲ್ಲ.

ನೆಲೆ ತಪ್ಪಿದವರಿಗೆ ಸರಕಾರವು ಭೂಮಿಯನ್ನು ಕೊಡಬಲ್ಲುದು. 'ಬರ್ರಿ ಕಾಕಾ, ಚಾ ಕುಡೀರಿ' ಎಂಬ ಮಾತನ್ನು ನೆರೆಯವರೇ ಕೊಡಬೇಕು.